ಕಾಲರ್ ಕೂರಿಸುವ ಪಾಠ

ನನ್ನ ತಮ್ಮನಿಗೆ ತಲೆ ಇಲ್ಲ ಅಂತಲ್ಲ, ಜಾಸ್ತಿಯೇ ಇದೆ, ಅದೇ ತೊಂದರೆ. ನಾನು ಹೊಲಿಗೆ ಕಲಿಸುವ ವಿಡಿಯೋಗಳನ್ನು ಮೊದಲು ದೊಡ್ಡ ಕಂಪನಿಯೊಂದರ ಸೈಟಿನಲ್ಲಿ ಹಾಕುತ್ತಿದ್ದೆ. ಗಂಡ ಅನ್ನಿಸಿಕೊಂಡವನು ಸುಳ್ಳು ದೂರು ಕೊಟ್ಟು ಕೊಟ್ಟು ಎಲ್ಲವನ್ನೂ ತೆಗೆಸಿಹಾಕಿದ. ಅವನ ಏಟು ತಾಳಲಾರದೆ ಗುರುತಿಲ್ಲದ ಊರಿಗೆ ಓಡಿಬಂದವಳು ನಾನು. ಸಿಕ್ಕರೆ ಜೀವಸಹಿತ ಬಿಡುವವನಲ್ಲ. ಜೊತೆಗೆ ಬಂದ ತಮ್ಮನಿಗೆ ರೋಷ ಉಕ್ಕಿತು. ಹಳೆಯ ಕಂಪ್ಯೂಟರೊಂದನ್ನು ಹೊಲಿಗೆ ಮೆಷಿನ್ನಿನ ಪಕ್ಕ ಇಟ್ಟು, ನಮ್ಮದೇ ವಿಡಿಯೋ ಸೈಟು ಕಟ್ಟಿದ. ಮೊದಲ ಪುಟದಲ್ಲೇ, ನನ್ನ ಪಾಠಗಳನ್ನು ಒಬ್ಬ ಹೇಗೆ ತೆಗೆಸಿಹಾಕಿದ ಎಂಬ ಕತೆಯನ್ನು ಉದ್ದಕ್ಕೆ ಬರೆದ.

"ನಮ್ಮಂಥ ಸಣ್ಣ ಸೈಟುಗಳೆಲ್ಲ ಒಂದಕ್ಕೊಂದು ಕೈ ಹಿಡ್ಕೊಂಡಿರ್ತವೆ ಅಕ್ಕ. ನಮ್ಮದರ ಕಾಪಿ ಅವರೂ ಇಟ್ಕೋತಾರೆ. ಆ ದರಿದ್ರದವನು ಏನು ಬೊಬ್ಬೆ ಹೊಡೆದ್ರೂ ಯಾರಿಗೂ ಅಳಿಸಕ್ಕಾಗಲ್ಲ."

ನನ್ನದು ಒಂದೇ ಷರತ್ತು: ಕೈ ಮಾತ್ರ ಕಾಣಬೇಕು. ಮುಖ, ಮನೆ, ಬೀದಿ ಏನೂ ಕಾಣಕೂಡದು.

ಕಾಲರ್ ಕೂರಿಸುವ ಪಾಠದಲ್ಲಿ ಎಡವಟ್ಟಾಯಿತು. ಹೊಲಿಗೆ ಕಾಣಲೆಂದು ಅಂಗಿಯನ್ನು ಬೆಳಕಿಗೆ ಎತ್ತಿ ಹಿಡಿದೆ. ತಮ್ಮನ ಕ್ಯಾಮೆರಾ ಹಿಂದೆಯೇ ಬಂತು. ಕಿಟಕಿಯಾಚೆ ಔಷಧಿ ಅಂಗಡಿಯ ಬೋರ್ಡು, ವಿಳಾಸ ಸಮೇತ. ನಾವಿಬ್ಬರೂ ನೋಡಿದ್ದು ಹೊಲಿಗೆಯನ್ನು ಮಾತ್ರ.

ಬೋರ್ಡು ನೋಡಿದವಳು ಯಾರೋ ಪುಣ್ಯಾತ್ಗಿತ್ತಿ. ಪಾಠದ ಕೆಳಗೆ ಬರೆದಿದ್ದಳು: "ಅಯ್ಯೋ, ಆ ಮೆಡಿಕಲ್ ಸ್ಟೋರ್ ನಮ್ಮನೆ ಹತ್ರಾನೇ! ಟೀಚರ್ ನಮ್ಮೂರಲ್ಲೇ ಇದ್ದಾರೆ!" ಪಾಪ, ಖುಷಿಗೆ ಬರೆದದ್ದು. ಓದಿದವಳೇ ತಮ್ಮನನ್ನು ಕೂಗಿದೆ.

"ತೆಗಿಯೋ ಅದನ್ನ! ಈಗಲೇ ತೆಗಿ!"

ತೆಗೆದ. ನಮ್ಮಲ್ಲಿ ಹೋಯಿತು, ಬೇರೆ ಸೈಟುಗಳಲ್ಲಿ ಹಾಗೇ ಇತ್ತು. ಅಳಿಸಿ ಎಂದು ಇಲ್ಲಿಂದ ಸಂದೇಶ ಹೋಗುತ್ತದಂತೆ, ಕೇಳುವುದು ಬಿಡುವುದು ಅವರಿಷ್ಟವಂತೆ. ಕೆಲವರು ಅಳಿಸಿದರು. ಒಂದು ಸೈಟಿಗೆ ಹೇಳುವವರು ಕೇಳುವವರೇ ಇರಲಿಲ್ಲ. ಇನ್ನೊಂದರಿಂದ ಉತ್ತರ ಬಂತು:

"ನಿಮ್ಮ ಕತೆ ಓದಿದ್ದೀವಿ. ಅದೇ ಮನುಷ್ಯ ಹೆದರಿಸಿ ಹೀಗೆ ಬರೆಸ್ತಿದ್ದಾನೆ ಅನ್ಸುತ್ತೆ. ಧೈರ್ಯವಾಗಿರಿ. ನಿಮ್ಮ ಪಾಠಾನ ನಾವು ಕಾಪಾಡ್ತೀವಿ."

ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಕಂಪನಿಯಾದರೆ ಬಾಯಿಗೆ ಬಂದಂತೆ ಬೈದು ಸಮಾಧಾನ ಮಾಡಿಕೊಳ್ಳಬಹುದು. ಈ ಒಳ್ಳೆಯವರನ್ನು ಏನೆಂದು ಬೈಯುವುದು?

ತಮ್ಮ ಮತ್ತೆ ಮತ್ತೆ ಬರೆದು ಬೇಡಿಕೊಂಡ. ಬೇಡಿಕೊಂಡಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಅಲ್ಲಿ ನೋಡಿದವರ ಸಂಖ್ಯೆ ಏರುತ್ತಲೇ ಇತ್ತು. ಅವರಲ್ಲಿ ನನ್ನ ಗಂಡನೂ ಇದ್ದಾನೋ ಇಲ್ಲವೋ, ತಿಳಿಯುವ ದಾರಿಯಿರಲಿಲ್ಲ.

ನಾನು ಮೆಷಿನ್ನಿನ ತಲೆ ಕಳಚಿ ಹೊದಿಕೆಯಲ್ಲಿ ಸುತ್ತಿದೆ.

"ಎಲ್ಲಿಗೆ ಅಕ್ಕ? ನಾನೂ ಬರ್ತೀನಿ. ಬೇಡ ಅಂದ್ರೆ, ಹೋಗಿ ಸೇರಿದ್ಮೇಲಾದ್ರೂ ಹೇಳು."

ನನಗಾಗಿ ಇಷ್ಟೆಲ್ಲ ಮಾಡಿದವನು. ಅವನ ಮೇಲೆ ಕೋಪವಿರಲಿಲ್ಲ, ನಂಬಿಕೆಯೂ ಉಳಿದಿರಲಿಲ್ಲ. ಕೆನ್ನೆ ಸವರಿ, "ಹೊತ್ತಿಗೆ ಸರಿಯಾಗಿ ಊಟ ಮಾಡು ಕಣೋ," ಎಂದೆ. ಎಲ್ಲಿಗೆ ಎಂದು ಹೇಳಲಿಲ್ಲ.