ಗೋಡೆಯಿಂದ ಬಂದ ದನಿ

“ನಿಲ್ಲು ಅಲ್ಲೇ. ಎಲ್ಲಿಗೆ ಹೋಗಿದ್ದೆ, ಹೇಳಿ ಒಳಗೆ ಹೋಗು.”

ಗಂಡನ ದನಿ ಟೀವಿಯ ಮೇಲಿನ ಗೋಡೆಯಿಂದ ಬಂತು. ಚಪ್ಪಲಿ ಬಿಡುತ್ತಿದ್ದ ಮುಸೊಂಡಾ ಒಂಟಿ ಕಾಲಲ್ಲೇ ನಿಂತಳು. ಗಂಡ ಚಿತಾಲು ಇದ್ದದ್ದು ದೂರದ ಸೊಲ್ವೇಜಿಯ ತಾಮ್ರದ ಗಣಿಯಲ್ಲಿ. ಕಳ್ಳರ ಕಾಟ ಎಂದು ಹೋದ ಸಲ ಎನ್ಡೋಲಾದ ಮನೆಗೆ ಬಂದಾಗ ಗೋಡೆಗೆ ಈ ಮಾತಾಡುವ ಕ್ಯಾಮೆರಾ ಹಾಕಿಸಿದ್ದ. ಕಳ್ಳರು ಬರಲಿಲ್ಲ, ಅವನ ಪ್ರಶ್ನೆಗಳು ಬಂದವು. ಇದ್ದಿಲು ಮಾರುವವನ ಜೊತೆ ಅಷ್ಟೇನು ನಗು? ಹಗಲುಹೊತ್ತು ಬಾಗಿಲು ಯಾಕೆ ಮುಚ್ಚಿತ್ತು?

“ಮಾರ್ಕೆಟ್ಟಿಗೆ.”

“ಕೈಯಲ್ಲಿ ಒಂದು ಕಟ್ಟು ಸೊಪ್ಪಿಲ್ಲ! ಹೋದ ವಾರಾನೂ ಹಿಂಗೇ. ನಂಗೆ ಅನುಮಾನ ಬರಬಾರ್ದು ಅಂತ ಅಮ್ಮನ್ನೂ ಎಳ್ಕೊಂಡು ಹೋಗ್ತೀಯ. ಅವಳನ್ನ ಎಲ್ಲೋ ಕೂರ್ಸಿ, ಯಾವನ ಹತ್ರ ಹೋಗ್ತೀಯ?”

ಮುಸೊಂಡಾ ತನಗಿಂತ ಮೊದಲು ಒಳಬಂದು ಸೋಫಾದಲ್ಲಿ ಕುಳಿತಿದ್ದ ಅತ್ತೆಯತ್ತ ತಿರುಗಲಿಲ್ಲ. ತಿರುಗಿದರೆ ಅದೂ ಅವನಿಗೆ ಕಾಣುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಮುದುಕಿ ಅವಳ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು: “ಎದೆಯಲ್ಲಿ ಗಂಟು ಅಂತ ಗಂಡುಮಗನಿಗೆ ಹೇಳೋ ಮಾತೇನೇ? ನನ್ನ ಮಾನ ಉಳಿಸು.”

“ಬಾಯಿ ಬಿಡಲ್ವಾ? ಶನಿವಾರ ಬರ್ತೀನಿ. ಗಂಟುಮೂಟೆ ಕಟ್ಟಿಟ್ಟಿರು, ನಿಮ್ಮಪ್ಪನ ಮನೆಗೆ ಬಿಟ್ಟು ಬರ್ತೀನಿ.”

ಅತ್ತೆ ಎದ್ದಳು. ಮೊಣಕಾಲು ಒತ್ತಿಕೊಳ್ಳುತ್ತ ಹೋಗಿ ಕ್ಯಾಮೆರಾದ ನೇರಕ್ಕೆ ನಿಂತಳು.

“ಮಗಾ, ಕಾಣ್ತಿದೀನಾ?”

“ನೀನು ಸುಮ್ನಿರಮ್ಮ. ಇದು ನಮ್ಮಿಬ್ಬರ ವಿಷಯ.”

“ನೀನು ಅಲ್ಲಿ ಕೂತ್ಕೊಂಡು ನೋಡ್ತಿರೋವಾಗ ಈ ಮನೇಲಿ ಇಬ್ಬರ ವಿಷಯ ಅಂತ ಯಾವುದಪ್ಪಾ ಉಳೀತು? ನೋಡಬೇಕು ತಾನೇ? ನೋಡು.”

ಅವಳ ಕೈ ರವಿಕೆಯ ಗುಂಡಿಗೆ ಹೋಯಿತು.

“ಅತ್ತೇ, ಬೇಡ!”

“ಬಿಡೇ. ಆಸ್ಪತ್ರೆಯವರು ಸೂಜಿ ಚುಚ್ಚಿದ ಜಾಗ ಇನ್ನೂ ಕಪ್ಪಗಿದೆ. ಇವಳು ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ಳು ಅಂತ ಅದೇ ಹೇಳುತ್ತೆ. ನಿಂಗೆ ಹಾಲು ಕೊಟ್ಟಿದ್ದೂ ಅದೇ.”

ಎರಡನೆಯ ಗುಂಡಿ. ಮೂರನೆಯದು.

“ಅಮ್ಮಾ!” ಏಟು ತಿಂದ ಮಗುವಿನಂತೆ ಕೂಗಿದ ಅವನು. ಅವನ ಕಡೆ ಫೋನು ನೆಲಕ್ಕೆ ಬಿದ್ದ ಸದ್ದು ಕೇಳಿತು.

ಮುಸೊಂಡಾ ಕ್ಯಾಮೆರಾದ ಪ್ಲಗ್ ಕಿತ್ತಳು. ಮುದುಕಿ ಇನ್ನೂ ಗೋಡೆಗೆ ಎದುರಾಗಿಯೇ ನಿಂತಿದ್ದಳು. ಬೆರಳಿಗೆ ಗುಂಡಿ ಸಿಗುತ್ತಿರಲಿಲ್ಲ. ಸೊಸೆ ಅವಳನ್ನು ಭುಜ ಹಿಡಿದು ತನ್ನತ್ತ ತಿರುಗಿಸಿಕೊಂಡಳು. ಚೀಲದೊಳಗೆ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು.

“ಅಳ್ತಿದಾನೇನೋ,” ಎಂದಳು ಅತ್ತೆ.

“ಅಳಲಿ.”

ಮುಸೊಂಡಾ ಕೆಳಗಿನಿಂದ ಗುಂಡಿ ಹಾಕುತ್ತ ಬಂದಳು. ಕೊನೆಯದಕ್ಕೆ ಕಾಜಾ ಉಳಿಯಲಿಲ್ಲ. ಎಲ್ಲೋ ಒಂದು ತಪ್ಪಿತ್ತು. ಎಲ್ಲವನ್ನೂ ಬಿಚ್ಚಿ, ಮೊದಲಿನಿಂದ ಶುರುಮಾಡಿದಳು.