ಕೈಯಾರೆ ಬರೆದ ಸಾಲು

ಫೈಲಿನ ಮೊದಲ ಸಾಲಿನಲ್ಲೇ ವೆಂಡಿಯ ನಂಬರು ಕೂತಿತ್ತು. ನೆರಿಡಾ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ನೋಡಿದಳು. ಅದೇ ನಂಬರು. ಮೊದಲೆಲ್ಲ ಬೆಂಕಿಯ ಕರೆ ಎತ್ತುತ್ತಿದ್ದ ವೆಂಡಿ ಊರು ಬಿಟ್ಟು ಅಡಿಲೇಡ್ ಸೇರಿ ಒಂಬತ್ತು ತಿಂಗಳಾಗಿತ್ತು. ಗುರುವಾರ ಮಧ್ಯಾಹ್ನ ಕರಿನ್ಯಾ ಕಣಿವೆಯ ಒಣಹುಲ್ಲಿಗೆ ಬೆಂಕಿ ಬಿದ್ದಾಗ, ಊರಿನವರೇ ಸೇರಿ ನಡೆಸುವ ಅಗ್ನಿಶಾಮಕ ದಳದ ಈ ಕಂಪ್ಯೂಟರು ಕರೆ ಮಾಡಿದ್ದು ಅವಳಿಗೆ. ಇಪ್ಪತ್ತೆರಡು ನಿಮಿಷ ಅದು ಯಾರೂ ಎತ್ತದ ಆ ಫೋನಿಗೇ ಹೊಡೆಯುತ್ತಾ ಕೂತಿತ್ತು. ಅಷ್ಟರಲ್ಲಿ ಪ್ಯಾಟ್ ಡಿಲೇನಿಯ ಮನೆ ಬೂದಿಯಾಗಿತ್ತು. ಕುದುರೆಗಳನ್ನು ಬಿಚ್ಚಲು ಓಡಿದ ಪ್ಯಾಟ್‌ನ ಎರಡೂ ಕೈ ಸುಟ್ಟಿದ್ದವು.

ದಳದ ಶೆಡ್ಡಿನ ಮುಂಭಾಗದಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು. ಹನ್ನೊಂದಕ್ಕೆ ಸಭೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ವಿಷಯ ಒಂದೇ: ಎಪ್ಪತ್ತೆರಡರ ಕ್ಲಾರಿ ಹಾಬ್‌ಡೇ ಇನ್ನು ಕ್ಯಾಪ್ಟನ್ ಆಗಿರಬೇಕೋ ಬೇಡವೋ. ನಂಬರು ಬದಲಾಯಿಸುವ ಕೆಲಸ ಅವನದು. ಮರೆತ, ಎಂದು ಊರೇ ಹೇಳುತ್ತಿತ್ತು.

ನೆರಿಡಾ ಫೈಲು ಕೊನೆಯ ಸಲ ಬದಲಾದ ತಾರೀಕು ನೋಡಿದಳು. ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ತಾನೇ ಹೊಸ ಅಪ್‌ಡೇಟ್ ಬಿಟ್ಟಿದ್ದಳು. ಸಾಫ್ಟ್‌ವೇರು ಅವಳದೇ, ಶಾಲೆಯ ಕೆಲಸ ಮುಗಿದ ಮೇಲೆ, ರಜೆಗಳಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಕೂತು ಬರೆದದ್ದು. ಈಗ ನಲವತ್ತಮೂರು ದಳಗಳು ಅದನ್ನು ಬಳಸುತ್ತಿದ್ದವು.

ಸೋಮವಾರದ ಬ್ಯಾಕಪ್ ತೆರೆದಳು. ಅಲ್ಲಿ ರಸ್ ಟ್ರ್ಯಾಂಟರ್‌ನ ನಂಬರಿತ್ತು. ಅದರ ಮೇಲೊಂದು ಸಾಲು: "ವೆಂಡಿ ಹೋದಳು. ಇನ್ಮೇಲೆ ರಸ್‌ಗೆ. ಕ್ಲಾರಿ, ಏಪ್ರಿಲ್ ೪."

ಮುದುಕ ಮರೆತಿರಲಿಲ್ಲ. ತಾನಾಗಿ ಫೈಲು ತೆರೆದು, ಒಂದೊಂದೇ ಅಕ್ಷರ ಕುಟ್ಟಿ, ಬದಲಾಯಿಸಿದ್ದ. ಆದರೆ ಮೂರು ವರ್ಷದ ಹಿಂದೆ ಮೊದಲ ಸಲ ಸಾಫ್ಟ್‌ವೇರು ಹಾಕುವಾಗ, ಬೆಂಕಿ ಬಿದ್ದರೆ ಮೊದಲು ಯಾರಿಗೆ ಹೇಳಲಿ ಎಂದು ಅದು ಕೇಳಿತ್ತು. ಕ್ಲಾರಿ ಅವತ್ತು ಕೊಟ್ಟ ಉತ್ತರವನ್ನು, ಅಂದರೆ ವೆಂಡಿಯ ನಂಬರನ್ನು, ಸಾಫ್ಟ್‌ವೇರು ಬೇರೊಂದು ಕಡೆ ಜೋಪಾನವಾಗಿ ಎತ್ತಿಡುವಂತೆ ನೆರಿಡಾ ಮಾಡಿದ್ದಳು. ಪ್ರತಿ ಸಲ ಅದನ್ನೇ ಕೇಳಿ ಜನರ ತಲೆ ತಿನ್ನಬೇಡ ಎಂದು ಕ್ಲಾರಿಯೇ ಅವತ್ತು ಹೇಳಿದ್ದ. ಮಂಗಳವಾರ ಅಪ್‌ಡೇಟು ಆ ಹಳೆಯ ಉತ್ತರವನ್ನು ತೆಗೆದು, ಫೈಲಿನಲ್ಲಿ ಈಗ ಏನಿದೆ ಎಂದು ತಿರುಗಿಯೂ ನೋಡದೆ, ಅದರ ಮೇಲೆ ಬರೆದುಬಿಟ್ಟಿತ್ತು.

"ಏನಮ್ಮಾ, ಸಿಕ್ತಾ ಏನಾದ್ರೂ?"

ಕ್ಲಾರಿ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಸಮವಸ್ತ್ರ, ಕೈಯಲ್ಲೊಂದು ಲಕೋಟೆ.

ಅವಳ ಕೈ ತಾನಾಗಿ ಹೋಗಿ ಪರದೆಯನ್ನು ಅರ್ಧ ಮುಚ್ಚಿತು. "ನೋಡ್ತಾ ಇದೀನಿ, ಕ್ಯಾಪ್ಟನ್."

"ಬದಲಾಯಿಸ್ದೆ ಅಂತ ನನಗೆ ನೆನಪು. ಆದ್ರೆ ಹೋದ ವಾರ ಲಾರಿ ಕೀ ಹುಡುಕಿ ಹುಡುಕಿ, ಕೊನೆಗೆ ನಮ್ಮನೆ ಫ್ರಿಜ್ಜಲ್ಲಿ ಸಿಕ್ತು. ನನ್ನ ನೆನಪನ್ನ ನಾನೇ ನಂಬೋ ಹಾಗಿಲ್ಲ." ನಗಲು ನೋಡಿದ, ಆಗಲಿಲ್ಲ. "ರಾಜೀನಾಮೆ ಬರ್ಕೊಂಡು ಬಂದಿದೀನಿ. ಅವರಾಗಿ ಕೇಳೋಕೆ ಮುಂಚೆ ಕೊಟ್ರೆ ಮರ್ಯಾದೆ."

ಅವನು ಹೋದ. ನೆರಿಡಾ ಗೋಡೆ ನೋಡುತ್ತಾ ಕೂತಳು. ಒಂದೇ ಗಂಟೆಯಲ್ಲಿ ತಪ್ಪು ತಿದ್ದಿ ಸದ್ದಿಲ್ಲದೆ ಇನ್ನೊಂದು ಅಪ್‌ಡೇಟ್ ಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಳಿಸಿಹೋದದ್ದನ್ನು ಅದು ತಂದುಕೊಡುತ್ತಿರಲಿಲ್ಲ. ಉಳಿದ ನಲವತ್ತೆರಡು ಶೆಡ್ಡುಗಳಲ್ಲಿ ಯಾರು ಯಾರು ಕೈಯಾರೆ ತಿದ್ದಿದ್ದರೋ, ಅವರೆಲ್ಲರ ಸಾಲುಗಳೂ ಹೋಗಿದ್ದವು. ಬ್ಯಾಕಪ್ ಇಡುವವರು ಎಷ್ಟು ಜನ? ರೇಡಿಯೋ ಬೆಳಿಗ್ಗೆಯಿಂದ ಒಂದೇ ಸಮನೆ ಹೇಳುತ್ತಿತ್ತು: ನಲವತ್ತೊಂದು ಡಿಗ್ರಿ, ಎರಡು ಗಂಟೆಯ ಮೇಲೆ ಉತ್ತರದ ಬಿಸಿಗಾಳಿ.

ಅವಳು ಎಲ್ಲ ದಳಗಳ ಫೋನ್ ಪಟ್ಟಿ ಹಿಡಿದು ಮುಂಭಾಗಕ್ಕೆ ಬಂದಾಗ ರಸ್ ಮಾತಾಡುತ್ತಿದ್ದ. ಪ್ಯಾಟ್ ಅವನ ಬಾಲ್ಯದ ಗೆಳೆಯ. ಎರಡು ದಿನದಿಂದ ಅವನು ನಿದ್ದೆ ಮಾಡಿದಂತಿರಲಿಲ್ಲ.

"ನನ್ನ ಫೋನು ಜೇಬಲ್ಲೇ ಇತ್ತು, ಕ್ಲಾರಿ. ಡಿಲೇನಿ ಗೇಟಿಂದ ಎರಡು ಮೈಲಿ ದೂರದಲ್ಲಿ ಬೇಲಿ ಕಟ್ತಾ ಇದ್ದೆ. ಒಂದು ಸಲ ಬಡ್ಕೊಂಡಿದ್ರೆ ಸಾಕಿತ್ತು. ಒಂದ್ ನಂಬರು ಬದಲಾಯಿಸೋಕೆ ನಿನಗೇನು ಪಂಚಾಂಗ ನೋಡ್ಬೇಕಿತ್ತಾ ಮಾರಾಯಾ?"

ಕ್ಲಾರಿ ಎದ್ದು ನಿಂತ. "ಬದಲಾಯಿಸ್ದೆ ಅಂದ್ಕೊಂಡಿದ್ದೆ, ರಸ್. ಬರೀ ಅಂದ್ಕೊಂಡೆನೋ ಏನೋ." ಲಕೋಟೆಯನ್ನು ಮುಂದೆ ಚಾಚಿದ.

"ಬದಲಾಯಿಸಿದ್ರು," ಎಂದಳು ನೆರಿಡಾ.

ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಕುರ್ಚಿಯೊಂದರ ಬೆನ್ನು ಹಿಡಿದುಕೊಂಡಳು.

"ಏಪ್ರಿಲ್ ನಾಲ್ಕಕ್ಕೇ ಬದಲಾಯಿಸಿದ್ರು. ಹೆಸರು, ತಾರೀಕು ಸಮೇತ ಬರೆದಿದಾರೆ. ಮಂಗಳವಾರ ನನ್ನ ಅಪ್‌ಡೇಟು ಅದನ್ನ ಅಳಿಸಿ ಹಳೇದನ್ನ ಕೂರಿಸ್ತು. ತಪ್ಪು ನಂದು."

ಮೇಲೆ ತಗಡಿನ ಮಾಡು ಬಿಸಿಲಿಗೆ ಟಕ್ ಟಕ್ ಎಂದಿತು. ರಸ್ ನಿಧಾನವಾಗಿ ಅವಳತ್ತ ನಡೆದು ಬಂದ.

"ಅಂದ್ರೆ ಪ್ಯಾಟ್‌ನ ಕೈ..."

"ಹೌದು."

ಅವನ ದವಡೆ ಬಿಗಿಯಿತು. ಹೊಡೆದೇಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತು. ಹೊಡೆಯಲಿ ಎಂದೂ ಅನ್ನಿಸಿತು.

"ಆಮೇಲೆ ಬೈಯಿರಿ," ಎಂದಳು. "ಇನ್ನೂ ನಲವತ್ತೆರಡು ಕಡೆ ಹೀಗೇ ಆಗಿರಬಹುದು. ಎರಡು ಗಂಟೆಗೆ ಗಾಳಿ ಬರುತ್ತೆ. ಪ್ರತಿ ಕ್ಯಾಪ್ಟನ್‌ಗೂ ಫೋನ್ ಮಾಡಿ, ಫೈಲು ತೆರೆಸಿ, ನಂಬರು ಓದಿಸ್ಬೇಕು. ನನಗೊಬ್ಬಳಿಗೆ ಆಗಲ್ಲ."

ರಸ್ ಅವಳ ಕೈಯಿಂದ ಪಟ್ಟಿ ಕಿತ್ತುಕೊಂಡು ನಾಲ್ಕು ಭಾಗವಾಗಿ ಹರಿದ. ಒಂದು ತುಂಡನ್ನು ಕ್ಲಾರಿಗೆ ಕೊಟ್ಟ, ಮುಖ ನೋಡದೆ. "ಉತ್ತರದ ಕಡೇವು ನೀನು ತಗೋ. ಅವರೆಲ್ಲ ನಿನ್ನ ಮಾತು ಕೇಳ್ತಾರೆ."

ಕ್ಲಾರಿ ಕೂತು ಡಯಲ್ ಮಾಡುತ್ತಾ, ಪಕ್ಕದ ನೆರಿಡಾಗೆ ಮಾತ್ರ ಕೇಳುವಂತೆ ಹೇಳಿದ: "ಪದೇ ಪದೇ ಕೇಳ್ಬೇಡ ಅಂತ ನಾನೇ ಅಂದಿದ್ದೆ. ನಿಜ. ಆದ್ರೆ ನಾನು ಬರೆದಿದ್ದನ್ನ ಓದ್ಬೇಡ ಅಂದಿರ್ಲಿಲ್ಲ."

"ಇಲ್ಲ," ಎಂದಳು ಅವಳು. "ಅಂದಿರ್ಲಿಲ್ಲ."

ಒಂದೂವರೆಯ ಹೊತ್ತಿಗೆ ನಲವತ್ತೊಂದು ಕಡೆ ಮುಗಿದಿತ್ತು. ಒಂಬತ್ತು ಕಡೆ ತಪ್ಪು ನಂಬರು. ಒಂದು ಊರಿನ ನಂಬರು ಎರಡು ವರ್ಷದ ಹಿಂದೆ ತೀರಿಕೊಂಡವನದು. ಎಲ್ಲವನ್ನೂ ಸರಿಮಾಡಿಸಿದರು. ರಸ್ ಆಸ್ಪತ್ರೆಗೆ ಹೊರಟ. ಬಾಗಿಲ ಬಳಿ ನಿಂತು, "ಪ್ಯಾಟ್‌ಗೆ ನಾನು ಹೇಳಲ್ಲ. ನೀನೇ ಬಂದು ಹೇಳು," ಎಂದು ಹೋದ.

ಉಳಿದದ್ದು ಟಲ್ಲಾರಾ ಊರಿನ ದಳ ಒಂದು. ನಾಲ್ಕು ಸಲ ರಿಂಗಾಗಿ ನಿಂತಿತ್ತು. ಐದನೆಯ ಸಲ ವಯಸ್ಸಾದ ಹೆಂಗಸೊಬ್ಬಳು ಎತ್ತಿದಳು. ಕ್ಯಾಪ್ಟನ್ ಆಗಿರುವ ತನ್ನ ಗಂಡ ಕುರಿಗಳನ್ನು ಕೆಳಗಿನ ಹೊಲಕ್ಕೆ ಹೊಡೆಯುತ್ತಿದ್ದಾನೆ, ಕಂಪ್ಯೂಟರು ಇಲ್ಲೇ ಮನೆಯಲ್ಲೇ ಇದೆ, ತಾನೇ ಓದುತ್ತೇನೆ ಎಂದಳು. ನೆರಿಡಾ ಹೇಳಿದ ಫೈಲು ತೆರೆದಳು.

"ಬಹಳ ಸಣ್ಣ ಅಕ್ಷರ ಕಣಮ್ಮಾ. ಇರು, ಕನ್ನಡಕ ತರ್ತೀನಿ."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಮರದ ನೆಲದ ಮೇಲೆ ಚಪ್ಪಲಿ ಎಳೆಯುತ್ತಾ ಹೆಜ್ಜೆಗಳು ದೂರವಾದವು. ಎಲ್ಲೋ ಒಂದು ಡ್ರಾಯರು ತೆರೆದುಕೊಂಡಿತು. ನೆರಿಡಾ ಪೆನ್ನು ಹಿಡಿದು, ಫೋನನ್ನು ಕಿವಿಗೆ ಒತ್ತಿ ಕೂತಳು. ಆ ಮನೆಯ ಬಾಗಿಲು ಗಾಳಿಗೆ ಒಮ್ಮೆ ಬಡಿಯಿತು, ಮತ್ತೊಮ್ಮೆ ಬಡಿಯಿತು.