ಇಪ್ಪತ್ತೆರಡು ಇಂಚಿನ ರಾಣಿ

ಅಳತೆ ತೆಗೆಯುವಾಗ ಅಮ್ಮ ಹೇಳುವುದು, ಮಗಳು ಬರೆದುಕೊಳ್ಳುವುದು. ಬಟ್ಟೆ ಕತ್ತರಿಸುವಾಗ ಮಗಳು ಓದುವುದು, ಅಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಮಗಳು ಅಂಕಿ ಕಲಿತ ವರ್ಷದಿಂದ ಆ ದರ್ಜಿ ಅಂಗಡಿಯಲ್ಲಿ ಕೆಲಸ ನಡೆಯುತ್ತಿದ್ದುದೇ ಹಾಗೆ. ಕೊರಳಲ್ಲಿ ಸದಾ ಅಳತೆಪಟ್ಟಿ ನೇತಾಡುತ್ತಿದ್ದುದರಿಂದ ಶಾಲೆಯಲ್ಲಿ ಅವಳಿಗೆ ಟೇಪು ಎಂದೇ ಹೆಸರು. ಆ ಹೆಸರಿಟ್ಟವಳು ಗುಬ್ಬಿ. ಗುಬ್ಬಿ ಏನೆಂದು ಕರೆದರೂ ಅವಳಿಗೆ ಒಪ್ಪಿಗೆಯೇ. ಹತ್ತನೆಯ ತರಗತಿಯ ಮೂರನೇ ಬೆಂಚು ಅವರಿಬ್ಬರದು. ಟೇಪುವಿಗೆ ಬೇರೆ ಗೆಳತಿಯರು ಇರಲಿಲ್ಲ, ಬೇಕೆಂದು ಅನ್ನಿಸಿಯೂ ಇರಲಿಲ್ಲ.

ಆ ವರ್ಷ ಹೊಲಿಗೆ ಯಂತ್ರದ ಪೆಡಲು ಕಿರುಗುಟ್ಟತೊಡಗಿದಾಗ ಮೆಕ್ಯಾನಿಕನ ಮಗ ಬಂದು ಸರಿಮಾಡಿಕೊಟ್ಟ. ಅವರ ತರಗತಿಯವನೇ. ಉಗುರಿನ ಸಂದಿಯ ಕಪ್ಪು ಎಷ್ಟು ತೊಳೆದರೂ ಹೋಗದ ಕಾರಣ ಅವನ ಹೆಸರು ಗ್ರೀಸು. ಹೊರಡುವಾಗ ಅವಳ ಅಳತೆ ಪುಸ್ತಕ ತಿರುವಿ ನೋಡಿ, “ನಿನ್ನ ಅಕ್ಷರ ಅಚ್ಚು ಹಾಕಿದ ಹಾಗಿದೆ ಕಣೇ,” ಎಂದ. ಪುಟದ ಅಂಚಿನಲ್ಲಿ ಅವನ ಹೆಬ್ಬೆರಳಿನ ಗುರುತು ಉಳಿಯಿತು. ಆ ಪುಟವನ್ನು ಅವಳು ದಿನಕ್ಕೆ ಎಷ್ಟು ಸಲ ತೆರೆದಳೋ. ಗುಬ್ಬಿಗೆ ನಾಳೆ ಹೇಳೋಣ, ನಾಳಿದ್ದು ಹೇಳೋಣ ಎನ್ನುವಷ್ಟರಲ್ಲಿ ಎರಡು ವಾರ ಕಳೆಯಿತು. ಆಮೇಲೊಂದು ದಿನ ಗುಬ್ಬಿಯೇ ಬೆಂಚಿನ ಕೆಳಗೆ ಅವಳ ಕೈ ಹಿಸುಕಿದಳು.

“ಲೇ, ಯಾರಿಗೂ ಹೇಳ್ಬೇಡ. ನಂಗೆ ಗ್ರೀಸು ಅಂದ್ರೆ ಇಷ್ಟ ಕಣೇ.”

“ಅವನಾ? ಆ ಉಗುರು ನೋಡಿದ್ದೀಯಾ?”

“ನೋಡ್ದೆ. ಅದೂ ಇಷ್ಟ, ಏನೀಗ?”

ಟೇಪು ನಕ್ಕಳು. ಆ ಮಾತಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ನಕ್ಕಳು.

ವಾರ್ಷಿಕೋತ್ಸವದ ನಾಟಕದಲ್ಲಿ ಗುಬ್ಬಿ ರಾಣಿಯಾದಳು, ಗ್ರೀಸು ಸೇನಾಪತಿಯಾದ. ಟೇಪುವಿಗೆ ಪರದೆಯ ಹಿಂದೆ ನಿಂತು ಮಾತು ನೆನಪಿಸುವ ಕೆಲಸ. “ರಾಣಿಗೆ ಏನಾದ್ರೂ ತೊಂದ್ರೆ ಆದ್ರೆ ನೀನೇ ನಿಲ್ಬೇಕಮ್ಮ, ನಿಂಗೆ ಎಲ್ಲಾ ಬಾಯಿಪಾಠ,” ಎಂದಿದ್ದರು ಟೀಚರು. ಅಭ್ಯಾಸ ಮುಗಿಸಿ ಮೂವರೂ ಒಟ್ಟಿಗೆ ಮನೆಗೆ ಹೊರಡುತ್ತಿದ್ದರು. ಮೊದಮೊದಲು ಮುಂದೆ ನಡೆಯುತ್ತಿದ್ದ ಗುಬ್ಬಿ, ಗ್ರೀಸು ತಿರುಗಿ, “ಬೇಗ ಬಾರೇ ಟೇಪು!” ಎಂದು ಕೂಗುತ್ತಿದ್ದರು. ಬರಬರುತ್ತ ತಿರುಗುವುದೂ ನಿಂತಿತು. ತಾನು ಅಡ್ಡ ಬೀದಿಗೆ ಹೊರಳಿಕೊಂಡದ್ದು ಅವರಿಗೆ ಗೊತ್ತಾಗಲಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ರಾಣಿಯ ನೀಲಿ ಸ್ಯಾಟಿನ್ ಗೌನು ಹೊಲಿಯುವ ಕೆಲಸ ಅಮ್ಮನ ಅಂಗಡಿಗೇ ಬಂತು. ಅಮ್ಮ ಮೇಜಿನ ಮೇಲೆ ಬಟ್ಟೆ ಹಾಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, “ಸೊಂಟ ಹೇಳೇ,” ಎಂದಳು.

ಪುಸ್ತಕದಲ್ಲಿ ಗುಬ್ಬಿಯ ಸೊಂಟ ಇಪ್ಪತ್ತಾರು ಎಂದಿತ್ತು. ಅವಳದೇ ದುಂಡನೆಯ ಅಂಕಿ.

“ಇಪ್ಪತ್ತೆರಡು,” ಎಂದಳು.

“ಎಷ್ಟು?”

“ಇಪ್ಪತ್ತೆರಡಮ್ಮ.”

ಅಮ್ಮ ಗೆರೆ ಎಳೆದಳು.

ಗೌನು ಸಿದ್ಧವಾದದ್ದು ನಾಟಕದ ದಿನ ಬೆಳಿಗ್ಗೆ. ಮಧ್ಯಾಹ್ನ ವೇಷ ಹಾಕುವ ಕೋಣೆಯಲ್ಲಿ ಬೆನ್ನಿನ ಕೊಕ್ಕೆಗಳು ಒಂದಕ್ಕೊಂದು ಸೇರಲೇ ಇಲ್ಲ. ಗುಬ್ಬಿ ಟೇಪುವಿನ ಕೈ ಹಿಡಿದು ಉಸಿರು ಬಿಗಿಹಿಡಿದು ನಿಂತಳು. ಇಬ್ಬರು ಹುಡುಗಿಯರು ಹಿಂದಿನಿಂದ ಎಳೆದರು. ಗುಬ್ಬಿಯ ಮುಖ ಕೆಂಪೇರಿತು. ಯಾರೋ ಕಿಸಕ್ಕೆಂದರು.

“ರಾಣಿ ಅರಮನೆ ಅಡುಗೆಮನೆ ಬಿಟ್ಟು ಬಂದೇ ಇಲ್ಲ ಅನ್ಸುತ್ತೆ!”

ಗುಬ್ಬಿ ನಗಲು ಹೋದಳು, ಆಗಲಿಲ್ಲ. ಟೀಚರು ಗಡಿಯಾರ ನೋಡಿದರು. “ಟೇಪು, ನೀನು ಹಾಕ್ಕೊಂಡು ನೋಡು.”

ಗೌನು ಅವಳಿಗೆ ಎರಕ ಹೊಯ್ದಂತೆ ಕೂತಿತು. ರಟ್ಟಿನ ಕತ್ತಿ ಹಿಡಿದ ಸೇನಾಪತಿ ಬಾಗಿಲಲ್ಲಿ ಇಣುಕಿದ. ಅವಳನ್ನು ನೋಡಿದ. ಅವಳ ಭುಜದಾಚೆ ನೋಡಿದ.

“ಗುಬ್ಬಿ ಎಲ್ಲಿ?” ಎಂದ.

ಅಷ್ಟರಲ್ಲಿ ಸುದ್ದಿ ತಿಳಿದು ಅಮ್ಮ ಕೈಚೀಲ ಹಿಡಿದು ಒಳಬಂದಳು. ಗೌನು ತೊಟ್ಟು ನಿಂತಿದ್ದ ಮಗಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. “ಬಿಚ್ಚು,” ಎಂದಳು, ಅಷ್ಟೇ. ನೆಲದ ಮೇಲೆ ಕೂತು ಎರಡೂ ಪಕ್ಕದ ಹೊಲಿಗೆ ಬಿಚ್ಚಿದಳು. ಒಳಗೆ ಒಂದೊಂದು ಪಕ್ಕದಲ್ಲೂ ಹಿಂದೆ ಮುಂದೆ ಒಂದೂವರೆ ಇಂಚು ಬಟ್ಟೆ ಮಡಚಿಕೊಂಡಿತ್ತು. ಬೆಳೆಯುವ ಮಕ್ಕಳ ಬಟ್ಟೆಗೆ ಅಮ್ಮ ಯಾವಾಗಲೂ ಬಿಡುತ್ತಿದ್ದ ಬಟ್ಟೆ ಅದು. ಅದಕ್ಕೆ ಇಸ್ತ್ರಿ ಹಾಕುತ್ತ ಬಂದವಳು ಟೇಪುವೇ. ಇಪ್ಪತ್ತೆರಡು ಎನ್ನುವಾಗ ಅವಳಿಗೆ ಅದು ನೆನಪೇ ಬಂದಿರಲಿಲ್ಲ.

“ತಪ್ಪು ನಂದೇ ಪುಟ್ಟಿ,” ಎಂದಳು ಅಮ್ಮ ಗುಬ್ಬಿಗೆ, ಪಕ್ಕಗಳನ್ನು ಸಡಿಲಿಸಿ ಮತ್ತೆ ಹೊಲಿಯುತ್ತ. “ಕಣ್ಣು ಮೊದ್ಲಿನ ಹಾಗಿಲ್ಲ.”

“ಇಲ್ಲ ಆಂಟಿ, ನಾನೇ ತಿಂದು ತಿಂದು ಊದಿದ್ದೀನಿ.”

ಟೇಪುವಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಯಾರೂ ಅವಳ ಕಡೆ ನೋಡಲೂ ಇಲ್ಲ. ನಾಟಕದಲ್ಲಿ ಗುಬ್ಬಿ ಎರಡು ಸಲ ಮಾತು ಮರೆತಳು. ಎರಡು ಸಲವೂ ಪರದೆಯತ್ತ ನೋಡಿದಳು. ಟೇಪು ಎರಡು ಸಲವೂ ಪಿಸುಗುಟ್ಟಿದಳು. ಸೇನಾಪತಿ ಮಂಡಿಯೂರಿದಾಗ ಜನ ಚಪ್ಪಾಳೆ ತಟ್ಟಿದರು. ಪರದೆಯ ಹಿಂದೆ ಧೂಳಿನ ವಾಸನೆ ತುಂಬಿತ್ತು.

ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ ಟೇಪು ಅಮ್ಮನ ಪಕ್ಕಕ್ಕೆ ಬಂದಳು.

“ಅಮ್ಮ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ನಾನು...”

“ನಿನ್ನ ಸೊಂಟ ಎಷ್ಟು ಅಂತ ನಾನು ಪುಸ್ತಕ ನೋಡಿ ತಿಳ್ಕೋಬೇಕೇನೇ?” ಅಮ್ಮ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. “ಅವಳ ಮುಂದೆ ನಾನು ಒಪ್ಕೊಂಡದ್ದು ಇವತ್ತಿಗೆ ಆಯ್ತು. ನಾಳೆ ಹೋಗಿ ನೀನು ಹೇಳು.”

“ಹೇಳಿದ್ರೆ ಅವಳು ನನ್ನ ಬಿಟ್ಬಿಡ್ತಾಳೆ.”

“ಬಿಡಬಹುದು,” ಎಂದಳು ಅಮ್ಮ.

ಮರುದಿನ ಶಾಲೆಯ ನಲ್ಲಿಯ ಬಳಿ ಟೇಪು ಗುಬ್ಬಿಗೆ ಎಲ್ಲವನ್ನೂ ಹೇಳಿದಳು. ಹೆಬ್ಬೆರಳಿನ ಗುರುತಿನ ಸಂಗತಿಯನ್ನೂ ಬಿಡಲಿಲ್ಲ. ಗುಬ್ಬಿ ನಲ್ಲಿ ನಿಲ್ಲಿಸಲು ಮರೆತು ಕೇಳಿದಳು. ನೀರು ತುಂಬಿದ ಬಾಟಲಿಯಿಂದ ಹೊರಚೆಲ್ಲುತ್ತಲೇ ಇತ್ತು.

“ಅವನು ನಿಂಗೂ ಇಷ್ಟ ಅಂತ ಮೊದ್ಲೇ ಹೇಳಿದ್ದಿದ್ರೆ ಜಗಳ ಆಡ್ತಿದ್ವಿ, ಅಷ್ಟೇ ತಾನೆ?” ಎಂದಳು ಕೊನೆಗೆ. “ಅವರೆಲ್ಲ ನಗ್ತಿದ್ದಾಗ ನಾನು ಹಿಡ್ಕೊಂಡಿದ್ದು ನಿನ್ನ ಕೈನಲ್ವೇನೇ.”

ಅವಳು ಕೂಗಾಡಲಿಲ್ಲ, ಯಾರಿಗೂ ಹೇಳಲಿಲ್ಲ. ಗ್ರೀಸುವಿಗೂ ಹೇಳಿರಲಿಕ್ಕಿಲ್ಲ, ಅವನು ಎಂದಿನಂತೆಯೇ “ಏನ್ ಟೇಪು?” ಎನ್ನುತ್ತಿದ್ದ. ಗುಬ್ಬಿ ತನ್ನ ಚೀಲ ಎತ್ತಿಕೊಂಡು ಮೊದಲ ಬೆಂಚಿಗೆ ಹೋದಳು, ಅಷ್ಟೇ. ಮೂರನೇ ಬೆಂಚಿನಿಂದ ಅವಳ ಜಡೆ ಕಾಣುತ್ತಿತ್ತು.

ಅಂಗಡಿಯಲ್ಲಿ ಅಮ್ಮ ಈಗಲೂ, “ಸೊಂಟ ಹೇಳೇ,” ಎನ್ನುತ್ತಾಳೆ. ಹೇಳಿದ ಮೇಲೆ ಪುಸ್ತಕ ನೋಡುವುದಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಟೇಪುವಿಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಪರೀಕ್ಷೆಗೆ ತಿಂಗಳಿರುವಾಗ ಹೊಸ ಹುಡುಗಿಯೊಬ್ಬಳು ತರಗತಿಗೆ ಬಂದಳು. ಟೇಪು ಬೆಂಚಿನ ಗೋಡೆಯ ಕಡೆಯ ತುದಿಯಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಅರ್ಧ ಬೆಂಚು ಖಾಲಿ ಇತ್ತು.

“ಇಲ್ಲಿ ಯಾರಾದ್ರೂ ಕೂರ್ತಾರಾ?” ಎಂದು ಹೊಸಬಳು ಕೇಳಿದಳು.

“ಹ್ಞೂಂ, ಕೂರ್ತಾರೆ,” ಎಂದಳು ಟೇಪು.